ಕೂಗಿದ್ದು ಯಾರು?



ವರಕವಿ ದ. ರಾ. ಬೇಂದ್ರೆಯವರ 'ಜೋಗಿ' ಕವನವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದೊಂದು ಕನಸಿನ ಹಾಗಿದೆ. ಕೋಗಿಲೆಯೊಂದು ಬಿಡದೆ ಕೂಗುತ್ತದೆ. ಅದನ್ನು ಕೇಳಿ ತಳಮಳಗೊಂಡ ಜೀವವೊಂದು ಜೋಗಿಯ ಮುಂದೆ ಧಾರವಾಡದ ಆಡುಮಾತಿನಲ್ಲಿ ಸಂಕಟ ತೋಡಿಕೊಳ್ಳುತ್ತದೆ. ಕೂಗುವುದು ಬರೀ ಹಕ್ಕಿಯೇ? ಪರಮಾತ್ಮನೇ? ಕಾಮವೇ? ಕಾವ್ಯವೇ? ವಿದ್ವಾಂಸರು ಬಗೆಬಗೆಯಾಗಿ ಅರ್ಥ ಹೇಳಿದ್ದಾರೆ. ಈ ಚರ್ಚೆ ಮುಗಿಯದಿದ್ದರೇ ಒಳ್ಳೆಯದು ಎನ್ನುವವ ನಾನು.

ನಮ್ಮಂಥ ಧರ್ಮಗುರುಗಳಿಗೆ ಇಲ್ಲೊಂದು ಆಸೆ ಕಾಡುತ್ತದೆ. "ಇದು ದೇವರ ಕರೆಯೇ ಸರಿ" ಎಂದು ಸಾರಿ, ಕವನವನ್ನು ಭಾನುವಾರದ ಪ್ರಬೋಧನೆಗೆ ಎಳೆದು ತರುವ ಆಸೆ. ಬೇರೊಬ್ಬರ ಕನಸಿಗೆ ನಮ್ಮ ಅರ್ಥವನ್ನು ತೊಡಿಸುವ ಹಕ್ಕು ನಮಗುಂಟೆ? ನೀವೇ ಹೇಳಿ. ಇದು ಬರೀ ಸಾಹಿತ್ಯದವರ ಪ್ರಶ್ನೆಯಲ್ಲ. ನಮ್ಮ ಶಹಾಪುರಕ್ಕೆ ಹಿಂಡಲಗಾ ದೂರವೇನಲ್ಲ. ಇದೇ ಬೇಂದ್ರೆಯವರ 'ನರಬಲಿ' ಕವನದಲ್ಲಿ ಬ್ರಿಟಿಷ್ ಸರಕಾರ ರಾಜದ್ರೋಹವನ್ನು ಕಂಡು, 1932ರಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಕಳಿಸಿತು. ಆ ಓದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಕವನವೆಂದರೆ ಅಷ್ಟೇ ಎಂದು ತೀರ್ಮಾನಿಸಿದವರ ಕೈಯಲ್ಲಿ ಬೀಗದ ಕೈಯೂ ಇತ್ತು.

ಹಾಗೆಂದು ಅರ್ಥವನ್ನೇ ಹುಡುಕಬಾರದೆಂದಲ್ಲ. ಪರಮಗೀತೆ ಗಂಡು ಹೆಣ್ಣಿನ ಪ್ರೇಮಗೀತೆ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಅದರಲ್ಲಿ ಕ್ರಿಸ್ತರಿಗೂ ಆತ್ಮಕ್ಕೂ ಇರುವ ಪ್ರೀತಿಯನ್ನು ಕಂಡು 86 ಪ್ರಬೋಧನೆಗಳನ್ನು ಬರೆದರು. ಆದರೂ ಮೂರನೆಯ ಅಧ್ಯಾಯದ ಆರಂಭವನ್ನು ದಾಟಲಿಲ್ಲ. (ನಮ್ಮ ಪ್ರಬೋಧನೆ ಉದ್ದವಾಯಿತೆಂದು ಗೊಣಗುವವರು ದಯವಿಟ್ಟು ಗಮನಿಸಿರಿ.) "ಜೋಗಿಯನ್ನು ಓದಿದಾಗ ನನಗೆ ದೇವರ ಕರೆ ನೆನಪಾಯಿತು" ಎಂದರೆ ಅದು ನನ್ನ ಸಾಕ್ಷಿ. "ಬೇಂದ್ರೆಯವರು ಹೇಳಿದ್ದೇ ಇದು" ಎಂದರೆ ನೆರೆಯವರ ಹೊಲವನ್ನು ಒತ್ತಿಕೊಂಡ ಹಾಗೆ. ಇನ್ನೊಂದು ಮಾತು. ನಾವು ಕಾಣುವ ಅರ್ಥವೆಲ್ಲ ಪ್ರತಿಸಲವೂ ನಮಗೇ ಹಿತವಾಗಿದ್ದರೆ, ಅನುಮಾನಪಡಬೇಕು.

ಬಾಲಕ ಸಮುವೇಲನಿಗೂ ರಾತ್ರಿ ಒಂದು ಕರೆ ಕೇಳಿಸಿತು. ಯಾಜಕ ಏಲಿಯೇ ಕರೆದನೆಂದು ಮೂರು ಸಲ ಅವನ ಬಳಿಗೆ ಓಡಿದ. ಕಣ್ಣು ಮಂಜಾದ ಆ ಮುದುಕ "ಹೌದು, ನಾನೇ ಕರೆದೆ" ಎಂದುಬಿಡಬಹುದಿತ್ತು. ಎನ್ನಲಿಲ್ಲ. ಮೂರನೆಯ ಸಲ, ಕರೆದದ್ದು ಸರ್ವೇಶ್ವರನೆಂದು ಅವನಿಗೆ ಹೊಳೆಯಿತು. ಮತ್ತೆ ಕರೆದರೆ ಹೇಗೆ ಓಗೊಡಬೇಕೆಂದು ಹುಡುಗನಿಗೆ ಕಲಿಸಿ, ಮಲಗಲು ಕಳಿಸಿದ. ಕರೆಯ ಅರ್ಥವನ್ನು ಮಾತ್ರ ತಾನು ಹೇಳಲಿಲ್ಲ. ಬೆಳಗಾದ ಮೇಲೆ ಸಮುವೇಲ ಬಾಯಿಬಿಡಲು ಅಂಜಿದ. ಒಂದನ್ನೂ ಮುಚ್ಚಿಡಬೇಡವೆಂದು ಏಲಿಯೇ ಒತ್ತಾಯಿಸಿ ಕೇಳಿಸಿಕೊಂಡ. ಬಂದಿದ್ದ ಮಾತು ಏಲಿಯ ಮನೆತನದ ಮೇಲಿನ ತೀರ್ಪಾಗಿತ್ತು.