ಇಲ್ಲದ್ದನ್ನು ಬರೆದಿಡುವ ಬಗೆ

‘ಇಲ್ಲ’ ಎಂಬುದೂ ಒಂದು ಪದಾರ್ಥವೇ? ವೈಶೇಷಿಕರು ಮೊದಲು ಎಣಿಸಿದ್ದು ಆರು ಪದಾರ್ಥಗಳನ್ನು; ನಂತರದವರು ಅಭಾವವನ್ನು ಏಳನೆಯದಾಗಿ ಸೇರಿಸಿ ಅದರಲ್ಲೂ ಬಗೆಗಳನ್ನು ಗುರುತಿಸಿದರು. ಇದ್ದು ನಾಶವಾದದ್ದು ಪ್ರಧ್ವಂಸಾಭಾವ, ಎಂದೂ ಇರದದ್ದು ಅತ್ಯಂತಾಭಾವ. ಪ್ರಾಭಾಕರ ಮೀಮಾಂಸಕರು ಇದಕ್ಕೆ ಒಪ್ಪಲಿಲ್ಲ. ನೆಲದ ಮೇಲೆ ಗಡಿಗೆ ಇಲ್ಲವೆಂದರೆ ಬರಿಯ ನೆಲ ಇದೆ, ಅಷ್ಟೇ ಎಂಬುದು ಅವರ ವಾದ.

ಯಲ್ಲದಕೆರೆಯಿಂದ ಮೊಳಕಾಲ್ಮುರುವರೆಗಿನ ಚಿತ್ರದುರ್ಗ ಸೀಮೆಯ ಶಾಸನಗಳನ್ನು ಕಂಪ್ಯೂಟರಿಗೆ ಏರಿಸಹೊರಟ ಡೆವಲಪರ್‌ಗೂ ಇದೇ ತಕರಾರು ಎದುರಾಗುತ್ತದೆ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಬರೆದವನ ಹೆಸರೇ ಇದೆ: ಚಪಡ. ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಕೊನೆಯ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಚಂದ್ರವಳ್ಳಿಯ ಮಯೂರಶರ್ಮನ ಶಾಸನದಲ್ಲಿ ಕೆರೆಯ ಮಾತಿದೆ, ಕಾಲದ ಉಲ್ಲೇಖವಿಲ್ಲ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದರಲ್ಲಿ ಓದಿದ ರಾಜ್ಯಗಳ ಹೆಸರುಗಳನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ.

1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕಾಡ್ ಮಂಡಿಸಿದ ಸಂಬಂಧಾತ್ಮಕ (ರಿಲೇಷನಲ್) ಡೇಟಾಬೇಸ್ ಮಾದರಿಯಲ್ಲಿ ಒಂದು ಕೋಷ್ಟಕದ ಸಾಲುಗಳಿಗೆಲ್ಲ ಒಂದೇ ಅಂಕಣಪಟ್ಟಿ. ‘ಲಿಪಿಕಾರ’ ಅಂಕಣವಿಟ್ಟರೆ ಹೆಸರಿಲ್ಲದ ಶಾಸನಗಳ ಮುಂದೆಲ್ಲ ‘ನಲ್’, ಅಂದರೆ ಬೆಲೆಯಿಲ್ಲ ಎಂಬ ಗುರುತು, ಬೀಳುತ್ತದೆ. ಹೆಸರು ಕೆತ್ತಿರಲೇ ಇಲ್ಲವೋ, ಕಲ್ಲು ಒಡೆದು ಹೋಯಿತೋ ಅದರಿಂದ ತಿಳಿಯದು. ಇನ್ನೊಂದು ಅಂಕಣ ಹಾಕಿ ಕಾರಣ ಬರೆಯಬಹುದು, ನಿಜ. ಪ್ರತಿ ಸಂಗತಿಗೂ ಹಾಗೆ ಹಾಕುತ್ತ ಹೋದರೆ ಕೋಷ್ಟಕ ಉಬ್ಬುತ್ತದೆ.

2009ರಲ್ಲಿ ಬಂದ ಮೊಂಗೋಡಿಬಿಯಂಥ ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲಿ ಒಂದೊಂದು ಶಾಸನವೂ ಒಂದೊಂದು ದಾಖಲೆ. ಚಪಡನ ದಾಖಲೆಗೆ ಲಿಪಿಕಾರನ ಫೀಲ್ಡ್ ಇರುತ್ತದೆ, ಚಂದ್ರವಳ್ಳಿಯದಕ್ಕೆ ಅದು ಬೇಕಿಲ್ಲ. ಬದಲಿಗೆ ಕೃಷ್ಣ ಅವರ ಪಾಠವೂ ಅದನ್ನು ಒಪ್ಪದವರ ಪಾಠಗಳೂ ಒಂದೇ ಪಟ್ಟಿಯಾಗಿ ಒಳಗೇ ಕೂರುತ್ತವೆ. ಪರದೆಯ ಮೇಲೆ ಒಂದು ಶಾಸನ ತೋರಿಸಲು ನಾಲ್ಕಾರು ಕೋಷ್ಟಕಗಳನ್ನು ಜೋಡಿಸಬೇಕಿಲ್ಲ. ನಾಳೆ ಹೊಸ ಬಗೆಯ ಮಾಹಿತಿ ಸಿಕ್ಕರೆ ಹಳೆಯ ದಾಖಲೆಗಳನ್ನು ಮುಟ್ಟಬೇಕಿಲ್ಲ. ಡೆವಲಪರ್‌ಗೆ ಇದರಿಂದ ಉಳಿಯುವ ದುಡಿಮೆ ಸಣ್ಣದಲ್ಲ.

ಫೀಲ್ಡನ್ನೇ ಬಿಡುವುದು ಪ್ರಾಭಾಕರರ ದಾರಿ: ಇರುವುದಷ್ಟೇ ದಾಖಲೆ. ‘ಕಲ್ಲು ಒಡೆದಿದೆ’ ಎಂದು ನಮೂದಿಸುವುದು ವೈಶೇಷಿಕರದು. ಶಾಸನದ ಮಟ್ಟಿಗೆ ಎರಡನೆಯದೇ ಮೇಲು, ಏಕೆಂದರೆ ಒಡೆದ ತುಂಡು ಎಂದಾದರೂ ಸಿಕ್ಕೀತು. ಡೇಟಾಬೇಸ್ ಎರಡಕ್ಕೂ ಎಡೆ ಕೊಡುತ್ತದೆ, ಆದರೆ ಆಯ್ಕೆ ಅದರದಲ್ಲ. ಮೊಂಗೋಡಿಬಿಯಲ್ಲಿ ‘ನಲ್’ ಎಂದು ಹುಡುಕಿದರೆ ಫೀಲ್ಡ್ ಇಲ್ಲದ ದಾಖಲೆಗಳೂ ಜೊತೆಗೇ ಬರುತ್ತವೆ. ಬೇರ್ಪಡಿಸಬೇಕಾದರೆ ಫೀಲ್ಡ್ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಒಬ್ಬರು ‘ಲಿಪಿಕಾರ’, ಇನ್ನೊಬ್ಬರು ‘ಬರೆದವನು’ ಎಂದು ತುಂಬಿದರೂ ತಡೆಯುವವರಿಲ್ಲ, ನಿಯಮಗಳನ್ನು ಮೊದಲೇ ಕಟ್ಟಿರದಿದ್ದರೆ.