ಸೋಲು ಯಾರ ಸೊತ್ತು?

ಹಟ್ಟಿಯಂಗಡಿಯ ಆಸುಪಾಸಿನಲ್ಲಿ ಮಳೆ ಕಳೆದು ಗದ್ದೆ ಒಣಗಿದರೆ ವಾಲಿಬಾಲ್, ಕಬಡ್ಡಿ ಪಂದ್ಯಾಟಗಳ ಕಾಲ. ಬ್ಯಾನರಿನಲ್ಲಿ ‘ಲೀಗ್ ಕಮ್ ನಾಕೌಟ್’ ಎಂದಿದ್ದರೆ ಆಡುವವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ: ಕೊನೆಯ ಲೀಗ್ ಪಂದ್ಯ ಗೆದ್ದರೆ ಸೆಮಿಫೈನಲಿನಲ್ಲಿ ಗಟ್ಟಿ ತಂಡ, ಸೋತರೆ ಸುಲಭದ್ದು. ಸೋಲಿನಲ್ಲೇ ಲಾಭವಿದ್ದರೆ ಸೋಲಬಹುದೇ?

ಈ ಲೆಕ್ಕಕ್ಕೆ ಒಲಿಂಪಿಕ್ಸ್ ಕೂಡ ಹೊರತಾಗಲಿಲ್ಲ. 2012ರ ಜುಲೈ 31ರಂದು ಲಂಡನ್ನಿನಲ್ಲಿ ಚೀನಾ, ಇಂಡೋನೇಷ್ಯಾ ಮತ್ತು ದಕ್ಷಿಣ ಕೊರಿಯಾದ ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್ ಜೋಡಿಗಳು ಸರ್ವನ್ನು ಬೇಕೆಂದೇ ನೆಟ್ಟಿಗೆ ಹೊಡೆದವು. ಮುಂದಿನ ಸುತ್ತಿನಲ್ಲಿ ತಮಗೆ ಬೇಕಾದ ಎದುರಾಳಿ ಸಿಗಲಿ ಎಂಬ ಉಪಾಯ. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಮರುದಿನ ಎಂಟು ಆಟಗಾರ್ತಿಯರನ್ನು ಕೂಟದಿಂದಲೇ ಹೊರಗೆ ಹಾಕಲಾಯಿತು.

ನಮಗೆ ತಟ್ಟಿದ್ದು ಇನ್ನೊಂದು ಗುಂಪಿನ ಫಲಿತಾಂಶ. ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದರು. ಒಲಿಂಪಿಕ್ಸ್‌ನಲ್ಲಿ ತೈವಾನ್ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿಯೂ ಕ್ವಾರ್ಟರ್‌ಫೈನಲ್ ತಪ್ಪಿತು, ಅದೂ ಒಂದೇ ಅಂಕದ ವ್ಯತ್ಯಾಸದಲ್ಲಿ. ಅದೇ ಗುಂಪಿನ ಜಪಾನ್ ಜೋಡಿ ತೈವಾನಿಗೆ ಸೋತ ರೀತಿ ಅನುಮಾನ ಹುಟ್ಟಿಸುತ್ತದೆ ಎಂದು ಭಾರತ ದೂರಿತು, ದೂರು ನಿಲ್ಲಲಿಲ್ಲ. ಜಪಾನ್ ಬೇಕೆಂದೇ ಸೋತಿತೆಂದು ನಾನೂ ಹೇಳಲಾರೆ. ಆದರೆ ಇಬ್ಬರು ಆಡುವ ಪಂದ್ಯದ ಸೋಲು ಅಂಗಳದಲ್ಲಿ ಇಲ್ಲದ ಮೂರನೆಯವರ ಹಣೆಬರಹವನ್ನೂ ಬರೆಯುತ್ತದೆ ಎಂಬುದು ಅಲ್ಲಿ ಕಂಡಿತು.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಈ ಲೆಕ್ಕ ಇಡೀ ವರ್ಷದ್ದು. ಪ್ರತಿವರ್ಷ ಹೊಸ ಆಟಗಾರರನ್ನು ಆರಿಸುವ ‘ಡ್ರಾಫ್ಟ್’ನಲ್ಲಿ ದುರ್ಬಲ ತಂಡಗಳಿಗೆ ಮೊದಲ ಅವಕಾಶ. ಬಿದ್ದವರನ್ನು ಎತ್ತುವ ಒಳ್ಳೆಯ ನಿಯಮವೇ. ಆದರೆ ಎತ್ತುತ್ತಾರೆಂದು ಗೊತ್ತಾದ ಮೇಲೆ ಬೀಳುವವರೂ ಹುಟ್ಟಿಕೊಂಡರು. ಅದನ್ನು ತಡೆಯಲು 1985ರಲ್ಲಿ ಮೊದಲ ಆಯ್ಕೆ ಯಾರಿಗೆಂದು ತೀರ್ಮಾನಿಸುವ ಲಾಟರಿ ಬಂತು. ಆದರೂ ಫಿಲಡೆಲ್ಫಿಯಾ ತಂಡ 2013ರಿಂದ ಮೂರು ವರ್ಷ ಸೋಲುವುದನ್ನೇ ಯೋಜನೆಯಾಗಿ ನಡೆಸಿತು. 2015–16ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು 10.

ಇದಕ್ಕೊಂದು ಗಟ್ಟಿ ಸಮರ್ಥನೆಯಿದೆ, ತಳ್ಳಿಹಾಕುವಂಥದ್ದಲ್ಲ. ಹೇಗೂ ಚಾಂಪಿಯನ್ ಆಗದ ತಂಡ ವರ್ಷವರ್ಷವೂ ನಡುವಿನ ಸ್ಥಾನದಲ್ಲಿ ಕೊಳೆಯುವುದಕ್ಕಿಂತ ಒಮ್ಮೆ ತಳ ಮುಟ್ಟಿ ಎದ್ದು ಬರಲಿ, ತನ್ನ ಗದ್ದೆಯನ್ನು ಎರಡು ವರ್ಷ ಹಡಿಲು ಬಿಟ್ಟರೆ ಯಾರಿಗೇನು ನಷ್ಟ ಎನ್ನುವ ವಾದ. ಆದರೆ ನಮ್ಮ ಕಡೆ ಗದ್ದೆ ಮಾಡುವವರಿಗೆ ಗೊತ್ತು, ಹಡಿಲು ಬಿದ್ದ ಗದ್ದೆಯ ಕಳೆಯೂ ಹಂದಿಯೂ ಅಂಚು ನೋಡಿ ನಿಲ್ಲುವುದಿಲ್ಲ. ಸೋಲಲೆಂದೇ ಕಟ್ಟಿದ ತಂಡದೆದುರು ಹೆಚ್ಚು ಪಂದ್ಯ ಸಿಕ್ಕಿದವರಿಗೆ ಪುಕ್ಕಟೆ ಗೆಲುವು. ಅದರ ಪೆಟ್ಟು ಪ್ಲೇಆಫ್ ಅಂಚಿನಲ್ಲಿರುವ ಇನ್ನೊಬ್ಬರಿಗೆ.

ನನಗೆ ಹೆಚ್ಚು ಚುಚ್ಚುವುದು ಬೇರೆಯೇ. ಲಂಡನ್ನಿನಲ್ಲಿ ನೆಟ್ಟಿಗೆ ಹೊಡೆದವರು ಸೋತ ಅವಮಾನವನ್ನು ತಾವೇ ಹೊತ್ತರು. ಬಾಸ್ಕೆಟ್‌ಬಾಲಿನಲ್ಲಿ ಸೋಲನ್ನು ತೀರ್ಮಾನಿಸುವವರು ಕಚೇರಿಯಲ್ಲಿ ಕೂತವರು. ಅಂಗಳದ ಹುಡುಗ ಪ್ರಾಣ ಒತ್ತೆಯಿಟ್ಟು ಓಡುತ್ತಾನೆ, ಮುಂದಿನ ಕರಾರು ಅವನಿಗೆ ಬೇಕಲ್ಲ. ಆ ಸೋಲಿನಿಂದ ಬರುವ ಹೊಸಬ ಕೂರುವುದು ಅವನದೇ ಜಾಗದಲ್ಲಿ. ತನ್ನನ್ನು ಮನೆಗೆ ಕಳಿಸುವ ಕೆಲಸಕ್ಕೆ ಅವನ ಬೆವರೇ ಬಂಡವಾಳ! ಎಂಟು ಹುಡುಗಿಯರಿಗೆ ಮರುದಿನವೇ ಶಿಕ್ಷೆಯಾಯಿತು. ಕಚೇರಿಯವರ ಈ ಲೆಕ್ಕಕ್ಕೆ ‘ದೂರದೃಷ್ಟಿ’ ಎಂಬ ಹೆಸರು. ಸೋತರೂ ಪರವಾಗಿಲ್ಲ, ಎಳೆಯರು ಆಡಿ ಕಲಿಯಲಿ ಎನ್ನುವ ತಂಡದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಸೋತವನೇ ನಾಳೆ ಆಡುತ್ತಾನೆ.

ಹಾಗಾದರೆ ತಪ್ಪು ನಿಯಮದ್ದೇ? ಬಹುಪಾಲು ಹೌದು. ಪ್ರೊ ಕಬಡ್ಡಿಯ 2024ರ ಋತುವಿನಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡೇ ಗೆದ್ದು ಕೊನೆಗೆ ಬಿತ್ತು. ಬೈದವರಿದ್ದರು, ಆದರೆ ಬೇಕೆಂದೇ ಸೋತರೆಂದು ಯಾರಿಗೂ ಅನಿಸಲಿಲ್ಲ. ಏಕೆಂದರೆ ಅಲ್ಲಿ ಆಟಗಾರರ ಹರಾಜಿನಲ್ಲಿ ಎಲ್ಲ ತಂಡಗಳ ಖರ್ಚಿಗೂ ಒಂದೇ ಮಿತಿ. ಕೊನೆಯವರೆಂಬ ಕಾರಣಕ್ಕೆ ಮೇಲಿಷ್ಟು ಸಿಗುವುದಿಲ್ಲ. ಎನ್‌ಬಿಎ ಕೂಡ 2019ರಲ್ಲಿ ತೀರಾ ಕೆಳಗಿನ ತಂಡದ ಲಾಟರಿ ಅವಕಾಶವನ್ನು ಶೇ. 25ರಿಂದ 14ಕ್ಕೆ ಇಳಿಸಿತು. ಆಸೆ ತಗ್ಗಿತು, ಸಾಯಲಿಲ್ಲ: 2023ರಲ್ಲಿ ಪ್ರಮುಖ ಆಟಗಾರರನ್ನು ಕೂರಿಸಿ ಸೋತ ಡಲ್ಲಾಸ್ ತಂಡಕ್ಕೆ ಏಳೂವರೆ ಲಕ್ಷ ಡಾಲರ್ ದಂಡ ಬಿತ್ತು.

ಸೋಲಿನಿಂದ ಏನೂ ದಕ್ಕುವುದಿಲ್ಲ ಎನ್ನುವುದೂ ಸುಳ್ಳು. ಡೆಟ್ರಾಯಿಟ್ ತಂಡಕ್ಕೆ 2021ರಲ್ಲಿ ಮೊದಲ ಆಯ್ಕೆಯಾಗಿ ಕೇಡ್ ಕನ್ನಿಂಗ್‌ಹ್ಯಾಮ್ ಸಿಕ್ಕಿದ್ದು ಸೋಲಿನಿಂದಲೇ. ಆದರೆ ಅವನು ಬಂದ ಮೇಲೂ ಮೂರು ವರ್ಷ ಸೋತೇ ಸೋತರು; 2023–24ರಲ್ಲಿ ಸತತ 28 ಪಂದ್ಯ ಸೋತು ಎಲ್ಲರಿಗಿಂತ ಕೆಳಗಿದ್ದರೂ ಲಾಟರಿಯಲ್ಲಿ ಬಂದದ್ದು ಐದನೇ ಆಯ್ಕೆ. ಮರುವರ್ಷ ಹೊಸ ಕೋಚ್ ಬಂದರು, ಅನುಭವಿ ಆಟಗಾರರನ್ನು ಸೇರಿಸಿಕೊಂಡರು. 14 ಇದ್ದ ಗೆಲುವು 44ಕ್ಕೆ ಏರಿತು.