ಜಗಲಿಯ ಮಾತು

ಪರರ ವಿಷಯವನ್ನಾಡಿಕೊಳ್ಳುವುದು ದೋಷವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ನಾನೂ ಶಾಲೆಯಲ್ಲಿ ಅದನ್ನೇ ಬೋಧಿಸಿದೆನು. ಆದರೆ ಹೊಳೆನರಸೀಪುರದ ಜಗಲಿಗಳ ಮೇಲೆ ಅನೇಕ ಸಂಜೆಗಳನ್ನು ಕಳೆದ ಮೇಲೆ, ಈ ನಿಷೇಧವನ್ನು ಕೊಂಚ ವಿವೇಚಿಸಬೇಕೆಂದು ತೋರುತ್ತದೆ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮಗು ಜ್ವರದಿಂದ ಮಲಗಿದೆ ಎಂಬುದು ನೆರೆಹೊರೆಗೆ ತಿಳಿಯುವುದು ಬಹುಮಟ್ಟಿಗೆ ಹರಟೆಯಿಂದಲೇ. ನೆರವೂ ಅದರ ಬೆನ್ನಿಗೇ ಬರುವುದು.

ಸಾಹಿತ್ಯಕ್ಕೂ ಜಗಲಿಯು ಒರೆಗಲ್ಲು. ಬಲ್ಲವರ ಮೆಚ್ಚುಗೆಯಿಲ್ಲದೆ ತನ್ನ ಕಲೆಯನ್ನು ತಾನೇ ನಂಬಲಾರದ ಅಳುಕನ್ನು ಕಾಳಿದಾಸನು ಶಾಕುಂತಲದ ಆರಂಭದಲ್ಲಿ ಸೂತ್ರಧಾರನಿಗೆ ಕೊಟ್ಟಿರುವನು. 1904ರಲ್ಲಿ ಜನಿಸಿದ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಡದ ಹರಟೆಯ ಸೊಗಸನ್ನೇ ಪ್ರಬಂಧವಾಗಿಸಿದರು. ನನ್ನ ಕಥೆಯೊಂದನ್ನು ಜಗಲಿಯಲ್ಲಿ ಓದಿದಾಗ, ಅಕ್ಷರವರಿಯದ ಅಜ್ಜಿಯೊಬ್ಬರು, "ಮೇಷ್ಟ್ರೇ, ಹಸಿದವಳು ಇಷ್ಟು ಮಾತಾಡೋಲ್ಲ" ಎಂದರು. ಆ ಪುಟವನ್ನು ಹರಿದೆನು.

ಅದೇ ಜಗಲಿಯಲ್ಲಿ ಒಮ್ಮೆ, ಅಲ್ಲಿರದ ಸಹೋದ್ಯೋಗಿಯೊಬ್ಬರ ಮೇಲೆ ಅಪವಾದವೊಂದು ಹೊರಟಿತು. ಸುಳ್ಳೆಂದು ಬಲ್ಲ ನಾನು ನಕ್ಕು ಸುಮ್ಮನಾದೆನು. ಅವರು ಊರು ಬಿಟ್ಟರು. ಭವಭೂತಿಯ ನಾಟಕದಲ್ಲಿ ದುರ್ಮುಖನು ತಂದ ಜನವಾರ್ತೆಯಿಂದ ಸೀತೆಯು ಕಾಡುಪಾಲಾದುದನ್ನು ಎಷ್ಟೋ ವರ್ಷ ಪಾಠ ಹೇಳಿದ್ದೆನು. ಅದರ ಅರ್ಥವಾದುದು ಅಂದು.

ಕಥೆಯನ್ನು ತಿದ್ದಬಹುದು, ಬರೆದವನೂ ಎದುರಿಗಿರುವನು. ಎದುರಿಗಿಲ್ಲದವನಿಗೆ ಉತ್ತರ ಹೇಳುವ ಅವಕಾಶವೆಲ್ಲಿ? ಆದುದರಿಂದ ಹರಟೆಯನ್ನು ತೊರೆಯಬೇಕಾಗಿಲ್ಲ. ಆ ವ್ಯಕ್ತಿಯೇ ಮೆಟ್ಟಲೇರಿ ಬಂದರೂ ಮುಂದುವರಿಸಬಹುದಾದ ಮಾತನ್ನು ಮಾತ್ರ ಆಡತಕ್ಕದ್ದು. ಅದನ್ನು ಮೀರಿದ ಮಾತಿಗೆ ಸುಮ್ಮನೆ ಕುಳಿತವನೂ ಪಾಲುಗಾರನೇ.